ಮಂಗಳೂರು ರೇಟು

ಮಾತು ಶುರು ಮಾಡುವ ಮೊದಲು ಅವನು ಮೇಜು ಒರೆಸುತ್ತಿದ್ದ. ಮೇಜಿನ ಮೇಲೆ ಧೂಳಿರಲಿ ಇಲ್ಲದಿರಲಿ, ಹೆಗಲ ಮೇಲಿನ ಕೆಂಪು ಚೌಕಳಿ ವಸ್ತ್ರ ಎಳೆದುಕೊಂಡು, ಆಚೆಯ ಅಂಚಿನಿಂದ ತನ್ನ ಹೊಟ್ಟೆಯ ಕಡೆಗೆ ಒಂದೇ ಸಲ ಬಳಿದು, ಉದುರುವುದನ್ನು ಹಿಡಿಯುವವನಂತೆ ಅಂಗೈ ಒಡ್ಡುತ್ತಿದ್ದ. ಏನೂ ಉದುರುತ್ತಿರಲಿಲ್ಲ. ಅದು ಹೋಟೆಲಿನ ಚಟ. ಹೋಟೆಲು ಮುಳುಗಿ ವರ್ಷಗಳಾದರೂ ಕೈ ಬಿಟ್ಟಿರಲಿಲ್ಲ. ಒರೆಸಿ ಆದ ಮೇಲೆ ಎದುರಿಗೆ ಕೂತ ನರ್ಸನ್ನು ನೋಡಿ ಮೊದಲ ಪ್ರಶ್ನೆ ಕೇಳುತ್ತಿದ್ದ: "ಊರು ಯಾವುದು?" ಹೆಸರಲ್ಲ, ಓದಲ್ಲ, ಊರು.

ಸತ್ತವರನ್ನು 'ಅವರು' ಎನ್ನಬೇಕು ಎಂದು ನಮ್ಮವ್ವ ಹೇಳುತ್ತಾಳೆ. ಅವ್ವನ ಮಾತನ್ನು ನಾನು ಮೀರುವುದು ಕಡಿಮೆ. ಇವನ ವಿಷಯದಲ್ಲಿ ಮೀರುತ್ತೇನೆ. ಎದುರಿಗೆ ಇದ್ದಾಗ 'ಶೇಠ್ರೆ, ಶೇಠ್ರೆ' ಎಂದು ಬಾಯಿ ತುಂಬ ಮರ್ಯಾದೆ ಕೊಟ್ಟಿದ್ದೇನೆ, ಮರ್ಯಾದೆಯ ಮೇಲೆ ಕಮಿಷನ್ನನ್ನೂ ಕೊಟ್ಟಿದ್ದೇನೆ. ಇನ್ನು ಸಾಕು.

ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಹಳೆಯ ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಅವನ ನರ್ಸ್ ಬ್ಯೂರೋ ಇತ್ತು. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಜನ ಅಲ್ಲಿಗೆ ಫೋನ್ ಮಾಡುತ್ತಿದ್ದರು. ಅವನು ನರ್ಸ್ ಕಳಿಸಿ, ಬಂದ ಹಣದಲ್ಲಿ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ನಮಗೆ ಕೊಡುತ್ತಿದ್ದ. ಕರಾವಳಿಯವನು. ಪುಣೆಗೆ ಬಂದು ಹೋಟೆಲಿಟ್ಟು ಉದ್ಧಾರವಾದ ಕರಾವಳಿಯವರನ್ನು ಎಲ್ಲರೂ ನೋಡಿದ್ದಾರೆ. ಹೋಟೆಲಿಟ್ಟು ಮುಳುಗಿದವನನ್ನು ನಾನು ನೋಡಿದ್ದು ಇವನೊಬ್ಬನನ್ನೇ. ಸಾಂಬಾರಿಗೆ ನೀರು ಸುರಿದೂ ಸುರಿದೂ ಮುಳುಗಿದ ಎಂದು ಕೆಳಗಿನ ಚಪ್ಪಲಿ ಅಂಗಡಿಯವನು ಹೇಳುತ್ತಿದ್ದ. ನಂಬಬಹುದಾದ ಮಾತು.

ನಾನು ಬಿಜಾಪುರದವಳು. ಅಲ್ಲಿಯ ಒಂದು ಸಣ್ಣ ಆಸ್ಪತ್ರೆಯ ಐಸಿಯುದಲ್ಲಿ ಆರು ವರ್ಷ ದುಡಿದು, ಮದುವೆಯಾಗಿ ಪುಣೆಗೆ ಬಂದೆ. ಯಜಮಾನರು ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೋ ಓಡಿಸುತ್ತಿದ್ದರು. ಸೊಂಟ ಹಿಡಿದುಕೊಂಡು ಅವರು ಮನೆಯಲ್ಲಿ ಕೂತ ಮೇಲೆ ಕೊಂಢವಾ ಏರಿಯಾದ ಬಾಡಿಗೆ ಮನೆ, ಮಗಳ ಶಾಲೆ ಎಲ್ಲ ನನ್ನ ತಲೆಯ ಮೇಲೆ ಬಂತು. ದೊಡ್ಡ ಆಸ್ಪತ್ರೆಗಳಿಗೆ ಅಲೆದೆ. ಬಿಜಾಪುರದ ಸಣ್ಣ ಆಸ್ಪತ್ರೆಯಲ್ಲಿ ಮಾಡಿದ್ದು ಅನುಭವವೇ ಅಲ್ಲ, ಹೊಸದಾಗಿ ಪಾಸಾದವರ ಪಗಾರಕ್ಕೆ ಬರುವುದಾದರೆ ಬಾ ಎಂದರು. ಆರು ವರ್ಷ ನಾನು ಅಲ್ಲಿ ಗೋಲಿ ಆಡಿದ್ದೆನೇನೋ! ನನಗೆ ಬೇಕಿದ್ದದ್ದು ಒಂದೇ: ಆ ಆರು ವರ್ಷಕ್ಕೆ ಯಾರಾದರೂ ಬೆಲೆ ಕಟ್ಟಬೇಕಿತ್ತು. ಆ ಆಸೆಯಿಂದಲೇ ಇವನ ಮರದ ಮೆಟ್ಟಿಲು ಹತ್ತಿದ್ದು.

ಬಿಜಾಪುರ ಎಂದ ಕೂಡಲೇ ಅವನ ಮುಖ ಹಳಸಿದ ಚಟ್ನಿ ಮೂಸಿದವನಂತಾಯಿತು.

"ಬಿಜಾಪುರ ಹೋಗುದಿಲ್ಲ ಸಿಸ್ಟ್ರೆ," ಎಂದ. "ಕೇರಳ ಹೋಗ್ತದೆ, ಮಂಗಳೂರು ಹೋಗ್ತದೆ. ನೀವು ಇವತ್ತಿಂದ ಮಂಗಳೂರು."

ಅವನ ಪಾಲಿಗೆ ನರ್ಸೆಂದರೆ ತಟ್ಟೆಯಲ್ಲಿ ಬರುವ ತಿಂಡಿ. ಕೇರಳ, ಮಂಗಳೂರು ಸ್ಪೆಷಲ್ಲು. ಗೋವಾ, ಕೊಲ್ಹಾಪುರ ಪರವಾಗಿಲ್ಲ. ನಾಂದೇಡ, ಸೋಲಾಪುರ, ಬಿಜಾಪುರ, ಕಲಬುರ್ಗಿ ಪ್ಲೇನ್. ಅದೇ ಸೂಜಿ, ಅದೇ ನರ. ಚುಚ್ಚುವ ಕೈ ಎಲ್ಲಿ ಹುಟ್ಟಿತು ಎಂಬುದರ ಮೇಲೆ ರೇಟು. ಎಲ್ಲಿ ಚುಚ್ಚುತ್ತದೆ ಎಂಬುದರ ಮೇಲೆ ಇನ್ನೊಂದು ರೇಟು. ಗಲ್ಫಿನಲ್ಲಿ ಚುಚ್ಚಿದರೆ ಬಂಗಾರ, ಮುಂಬೈಯಲ್ಲಿ ಬೆಳ್ಳಿ, ಪುಣೆಯಲ್ಲಿ ತಾಮ್ರ, ಬಿಜಾಪುರದಲ್ಲಿ ಚುಚ್ಚಿದರೆ ಒಂದು ನಮಸ್ಕಾರ. ಇದನ್ನು ಹೇಳಿ ಅವನೊಬ್ಬನೇ ನಗುತ್ತಿದ್ದ. ಅನುಭವಕ್ಕೂ ಅವನ ಹತ್ತಿರ ದೋಸೆ ಹಿಟ್ಟಿನ ಲೆಕ್ಕವಿತ್ತು. ಮೊದಲ ವರ್ಷದವರು ಹಸಿ ಹಿಟ್ಟು. ನಾಲ್ಕೈದು ವರ್ಷಕ್ಕೆ ಹದ. ಹತ್ತು ದಾಟಿದರೆ ಹುಳಿ. ಪಗಾರ ಜಾಸ್ತಿ ಕೇಳುತ್ತಾರೆ, ಮೇಲಿಂದ ಎದುರುತ್ತರ ಕೊಡುತ್ತಾರೆ. ಹತ್ತು ವರ್ಷ ರೋಗಿಗಳ ಉಚ್ಚೆ ಬಾಚಿದವಳು ಹುಳಿಯಂತೆ! ಸಾಂಬಾರು ಕೆಡಿಸಿ ಅಂಗಡಿ ಮುಚ್ಚಿಕೊಂಡವನ ಬಾಯಲ್ಲಿ ಈ ಮಾತು.

ಬೇರೆ ದಾರಿಯಿರಲಿಲ್ಲ, ಮಂಗಳೂರಾದೆ. ಅವನೇ ತರಬೇತಿ ಕೊಟ್ಟ. 'ಅದ' ಎನ್ನಬಾರದು, 'ಉಂಟು' ಎನ್ನಬೇಕು. 'ಏನ್ರಿ' ಬೇಡ, 'ಎಂತ' ಎನ್ನಬೇಕು. ಊಟಕ್ಕೆ ಏನು ಎಂದು ಯಾರಾದರೂ ಕೇಳಿದರೆ ಮೀನು ಎನ್ನಬೇಕು. ನಾನು ಮೀನು ತಿನ್ನುವುದಿರಲಿ, ಕಣ್ಣೆತ್ತಿ ನೋಡಿದವಳಲ್ಲ. ಪುಣೆಯ ಮರಾಠಿ ಮನೆಗಳಲ್ಲಿ ಯಾರು ಇದನ್ನೆಲ್ಲ ಪರೀಕ್ಷೆ ಮಾಡುತ್ತಾರೆ ಎಂಬುದು ಅವನ ಧೈರ್ಯ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ. ಕೊನೆಗೆ, ಗಿರಾಕಿ ನೇರವಾಗಿ ನನ್ನನ್ನೇ ರೇಟು ಕೇಳಿದರೆ ಏನು ಹೇಳಬೇಕೆಂದು ಕೇಳಿದೆ. ಮತ್ತೊಮ್ಮೆ ಮೇಜು ಒರೆಸಿದ.

"ರೇಟು ನಾವು ಮೊದಲು ಹೇಳ್ಬೇಕು ಸಿಸ್ಟ್ರೆ. ಹೇಳಿ ಸುಮ್ಮನೆ ಕೂತ್ಕೊಳ್ಬೇಕು. ಅವರು ಮೊದಲು ಹೇಳಿದ್ರೆ ಅದು ರೇಟಲ್ಲ, ದಾನ."

ತನ್ನ ಕಮಿಷನ್ ಕಡಿಮೆಯಾಗಬಾರದೆಂದು ಹೇಳಿದ ಮಾತು. ನನಗಾಗಿ ಅವನು ಒಂದು ಲೋಟ ನೀರನ್ನೂ ಕೊಟ್ಟವನಲ್ಲ.

ಅವನು ಕಳಿಸಿದ ಮನೆ ಕ್ಯಾಂಪಿನಲ್ಲೇ ಇತ್ತು. ಪಾರ್ಶ್ವವಾಯು ಹೊಡೆದು ಮಲಗಿದ ಅಜ್ಜಿ, ಅವಳನ್ನು ನೋಡಿಕೊಳ್ಳುವ ಮರಾಠಿ ಸೊಸೆ. ಮಗ ಬೆಳಿಗ್ಗೆ ಹೋದರೆ ನಾನು ಮನೆಗೆ ಹೊರಟ ಮೇಲೆಯೇ ಬರುವುದು. ನನ್ನನ್ನು ನೋಡಿ ಸೊಸೆಯ ಜೀವಕ್ಕೆ ಹಾಯೆನಿಸಿತು. ಮಂಗಳೂರಿನ ಸಿಸ್ಟರೇ ಬೇಕೆಂದು ಹಟ ಹಿಡಿದು ಕೇಳಿದ್ದೆ, ಸಿಕ್ಕಿದಿರಲ್ಲ ಎಂದಳು. ಯಾಕೆ ಹಟ ಎಂಬುದು ಅಜ್ಜಿ ಬಾಯಿ ತೆರೆದಾಗ ತಿಳಿಯಿತು. ಅಜ್ಜಿ ಕರಾವಳಿಯವಳು. ಅರ್ಧ ಆಯುಷ್ಯ ಪುಣೆಯಲ್ಲಿ ಮರಾಠಿ, ಹಿಂದಿ ಆಡಿದವಳು, ಪಾರ್ಶ್ವವಾಯು ಹೊಡೆದ ಮೇಲೆ ಎಲ್ಲ ಮರೆತು ಬರೀ ತುಳು ಆಡುತ್ತಿದ್ದಳು. ಸೊಸೆಗೆ ತುಳು ಬಾರದು. ನನಗೂ ಬಾರದು ಎಂದು ಸೊಸೆಗೆ ಗೊತ್ತಿರಲಿಲ್ಲ.

ರೋಗಿ ಯಾರು, ಏನಾಗಿದೆ, ಯಾಕೆ ಮಂಗಳೂರೇ ಬೇಕು ಎಂದು ಆ ಪುಣ್ಯಾತ್ಮ ಒಂದು ಮಾತು ಕೇಳಿರಲಿಲ್ಲ. ಸ್ಪೆಷಲ್ ಕೇಳಿದರು, ಕೊಟ್ಟ. ಅಡ್ಡಹೆಸರು ಕೇಳಿದ್ದರೂ ತನ್ನ ಕಡೆಯವರೆಂದು ತಿಳಿಯುತ್ತಿತ್ತು.

ಅಜ್ಜಿ ನನ್ನ ಮುಖ ನೋಡಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: "ಎಂಕ್ ಪೋಡಿಗೆ ಆಪುಂಡು." ನೀರು ಕೊಟ್ಟೆ, ತಲೆ ಆಚೆ ತಿರುಗಿಸಿದಳು. ಬೆಡ್‌ಪ್ಯಾನ್ ಇಟ್ಟೆ, ಬೇಡವಾಯಿತು. ದಿಂಬು ಬದಲಿಸಿದೆ, ಬಿಪಿ ನೋಡಿದೆ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದೆ. ಮತ್ತೆ ಅದೇ ಮಾತು. ಐಸಿಯುದಲ್ಲಿ ಎಂಥೆಂಥವರನ್ನೋ ನೋಡಿದ್ದೇನೆ, ಆದರೆ ರೋಗಿ ಬಾಯಿಬಿಟ್ಟು ಕೇಳುತ್ತಿರುವುದು ಏನೆಂದು ತಿಳಿಯದೆ ನಿಂತದ್ದು ಅದೇ ಮೊದಲು. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಬಾಲ್ಕನಿಗೆ ಹೋಗಿ ಅವನಿಗೆ ಫೋನ್ ಹಚ್ಚಿದೆ.

"ಶೇಠ್ರೆ, ಪೋಡಿಗೆ ಅಂದ್ರ ಏನ್ರಿ?"

ಯಾರು ಹೇಳಿದ್ದು ಎಂದು ಕೇಳಿದ. ಹೇಳಿದೆ.

"ಹೆದರಿಕೆ ಸಿಸ್ಟ್ರೆ. ಅಜ್ಜಿಗೆ ಹೆದರಿಕೆ ಆಗ್ತಾ ಉಂಟು. ನೀವು ಹೋಗಿ ಕೈ ಹಿಡ್ಕೊಂಡು 'ಪೋಡ್ಯೊಡ್ಚಿ, ಯಾನ್ ಉಲ್ಲೆ' ಅಂತ ಹೇಳಿ. ಹೆದರಬೇಡ, ನಾನಿದ್ದೇನೆ ಅಂತ. ಫೋನ್ ಅವರ ಕಿವಿಗೆ ಇಡಿ."

ಇಟ್ಟೆ. ಅವನು ಆ ಕಡೆಯಿಂದ ಏನೇನು ಹೇಳಿದನೋ, ಅಜ್ಜಿಯ ಉಸಿರು ನಿಧಾನವಾಯಿತು. ಒಂದು ಸಲ ಬಾಯಿಯ ಒಂದು ಬದಿಯಿಂದ ನಕ್ಕಳು ಕೂಡ. ನಾನು ಕಲಿತ ಎರಡು ಮಾತನ್ನು ನನ್ನ ಬಿಜಾಪುರದ ನಾಲಿಗೆಯಲ್ಲಿ ಹೇಳಿದೆ. ಅಜ್ಜಿ ಕೈ ಬಿಡದೆ ನಿದ್ದೆ ಹೋದಳು.

ಅವತ್ತಿನಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಫೋನ್ ಮಾಡುತ್ತಿದ್ದ. ಅಜ್ಜಿಯ ಹತ್ತಿರ ಮಾತಾಡಿ, ಆಮೇಲೆ ನನಗೆ ನಾಲ್ಕು ಮಾತು ಕಲಿಸುತ್ತಿದ್ದ. ಪರವಾಗಿಲ್ಲ, ಮನುಷ್ಯನ ಎದೆಯಲ್ಲಿ ಎಲ್ಲೋ ಒಂದು ಹನಿ ನೀರಿದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ತಿಂಗಳ ಕೊನೆಗೆ ಆ ಮನೆಗೆ ಅವನ ಬಿಲ್ಲು ಹೋಯಿತು. ಅದರಲ್ಲಿ ಮಂಗಳೂರು ಸಿಸ್ಟರಿನ ರೇಟಿನ ಕೆಳಗೆ ಇನ್ನೊಂದು ಬಾಬತ್ತಿತ್ತು: ಫೋನಿನಲ್ಲಿ ತುಳು ಮಾತಾಡಿದ್ದಕ್ಕೆ ಬೇರೆ ಚಾರ್ಜು.

ಆಸೆಬುರುಕನಿಗೆ ಲೆಕ್ಕ ಬರುತ್ತದೆ, ಬುದ್ಧಿ ಬರುವುದಿಲ್ಲ. ಸಿಸ್ಟರ್ ಮಂಗಳೂರಿನವಳಾದರೆ ತುಳು ಮಾತಾಡಲು ಇನ್ನೊಬ್ಬ ಯಾಕೆ ಬೇಕಾಯಿತು ಎಂದು ಸೊಸೆ ಅವನಿಗೇ ಫೋನ್ ಮಾಡಿ ಕೇಳಿದಳು. ಅವನೇನೂ ತಡವರಿಸಲಿಲ್ಲವಂತೆ. ನಾನೇ ಮಂಗಳೂರು ಎಂದು ಸುಳ್ಳು ಹೇಳಿ ಬ್ಯೂರೋ ಸೇರಿದವಳು, ತನಗೂ ಮೋಸವಾಯಿತು, ಬೇಕಾದರೆ ಇನ್ನು ಮುಂದೆ ಪ್ಲೇನ್ ರೇಟು ಕೊಡಿ ಎಂದನಂತೆ. ಕಡಿಮೆಯಾಗುವ ಹಣ ನನ್ನ ಪಾಲಿನಿಂದ. ಅವನ ಕಮಿಷನ್ ಇದ್ದಲ್ಲೇ ಇರುತ್ತದೆ. ಇದನ್ನು ಸೊಸೆಯೇ ನನಗೆ ಹೇಳಿದಳು, ಹೇಳಿ, ಸುಳ್ಳುಗಾತಿಯನ್ನು ನೋಡುವ ಹಾಗೆ ನೋಡಿದಳು.

ಮೈ ಉರಿಯಿತು. ಅಜ್ಜಿಯ ಬೆನ್ನಿನ ಹುಣ್ಣು ಒಣಗತೊಡಗಿತ್ತು. ಕೂರಿಸಿದರೆ ಕೂರುತ್ತಿದ್ದಳು, ಚಮಚದಿಂದ ಗಂಜಿ ನುಂಗುತ್ತಿದ್ದಳು. ಇಷ್ಟನ್ನೂ ಮಾಡಿದ ಕೈಗಳು ನಿನ್ನೆಯವರೆಗೆ ಸ್ಪೆಷಲ್, ಇವತ್ತು ಪ್ಲೇನ್. ಸೊಸೆ ಇನ್ನೇನು ಒಂದು ಅಂಕಿ ಹೇಳಬೇಕು, ಬಾಯಿ ತೆರೆದಿದ್ದಳು. ಅವನ ಮಾತು ನೆನಪಾಯಿತು, ನಾನೇ ಮೊದಲು ಬಾಯಿಬಿಟ್ಟೆ. ಹೌದು ಮ್ಯಾಡಮ್, ನಾನು ಬಿಜಾಪುರದವಳು, ಮೀನು ತಿನ್ನುವುದಿಲ್ಲ, ಊರಿನ ವಿಷಯದಲ್ಲಿ ಸುಳ್ಳು ಹೇಳಿದ್ದು ತಪ್ಪು ಎಂದು ಮರಾಠಿಯಲ್ಲೇ ಹೇಳಿದೆ. ಆರು ವರ್ಷ ಐಸಿಯುದಲ್ಲಿ ಮಾಡಿದ್ದೇನೆ, ಅದು ಸುಳ್ಳಲ್ಲ. ನನ್ನ ರೇಟು ಇಷ್ಟು ಎಂದು ಮಂಗಳೂರು ರೇಟನ್ನೇ ಹೇಳಿದೆ. ಹೇಳಿ ಸುಮ್ಮನೆ ಕೂತೆ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಬಾಡಿಗೆ, ಮಗಳ ಫೀಜು, ಯಜಮಾನರ ಸೊಂಟ ಎಲ್ಲ ಕಣ್ಣ ಮುಂದೆ ಬಂದು, ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ ಮ್ಯಾಡಮ್ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ನುಂಗಿಕೊಂಡೆ. ಊರ ತುಂಬ ಡೆಂಗ್ಯೂ ಇದ್ದ ದಿನಗಳು, ಇದ್ದಬದ್ದ ನರ್ಸುಗಳನ್ನೆಲ್ಲ ಆಸ್ಪತ್ರೆಗಳು ಬಾಚಿಕೊಂಡಿದ್ದವು. ಅದು ಸೊಸೆಗೂ ಗೊತ್ತಿತ್ತು. ಒಳಗಿನಿಂದ ಅಜ್ಜಿ ತುಳುವಿನಲ್ಲಿ ಏನೋ ಕೂಗಿದಳು. ಹೊರಳಿಸಬೇಕಂತೆ ಎಂದು ನಾನು ಎದ್ದೆ. ಸೊಸೆ ನನ್ನನ್ನೇ ನೋಡಿದಳು. ಆಮೇಲೆ, ಬ್ಯೂರೋದವನಿಗೆ ಇನ್ನು ಒಂದು ಪೈಸೆ ಕೊಡುವುದಿಲ್ಲ, ನಿಮಗೇ ಕೊಡುತ್ತೇನೆ ಎಂದಳು.

ಆ ಸಂಜೆಯೇ ಅವನು ಫೋನ್ ಮಾಡಿ ನನ್ನನ್ನು ಬ್ಯೂರೋದಿಂದ ತೆಗೆದುಹಾಕಿದ. ಉಂಡ ಮನೆಗೆ ದ್ರೋಹ ಎಂದ. ಉಂಡದ್ದು ಯಾರು, ಬಡಿಸಿದ್ದು ಯಾರು! ಆದರೂ, ಎಷ್ಟು ಹೇಳಿದಿರಿ ಎಂದು ಕೇಳದೆ ಫೋನ್ ಇಡಲಿಲ್ಲ. ಹೇಳಿದೆ. "ಕೊಟ್ರಾ?" ಎಂದ. ಕೊಟ್ಟರು ಎಂದೆ. ಫೋನ್ ಇಟ್ಟ.

ಅಜ್ಜಿ ಇದ್ದಷ್ಟು ದಿನ ನಾನು ಆ ಮನೆಯಲ್ಲೇ ಇದ್ದೆ. ಅವಳು ಹೋದ ಮೇಲೆ, ಹಿಂದೆ ನನ್ನ ಆರು ವರ್ಷವನ್ನು ಒರೆಸಿ ಹಾಕಿದ್ದ ದೊಡ್ಡ ಆಸ್ಪತ್ರೆಯೊಂದಕ್ಕೆ ಮತ್ತೆ ಹೋದೆ. ಈ ಸಲ ಅವರು ಕೇಳುವ ಮುಂಚೆ ಊರು ಹೇಳಿದೆ, ಕೆಲಸ ಹೇಳಿದೆ, ರೇಟು ಹೇಳಿದೆ, ಸುಮ್ಮನೆ ಕೂತೆ. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ಒಪ್ಪಿದರು. ಆದರೆ ಹೊಸಬರ ಪಗಾರವಲ್ಲ. ದಾನವಲ್ಲ.

ಹೋದ ವರ್ಷ ಅವನು ನನ್ನ ವಾರ್ಡಿಗೇ ಬಂದು ಬಿದ್ದ. ಹೃದಯ ದೊಡ್ಡದಾಗಿ ಬಲ ಕಳಕೊಂಡಿತ್ತು, ಕಾಲು ಬಾತಿದ್ದವು. ಹೃದಯ ದೊಡ್ಡದು ಎಂದು ಅವನ ವಿಷಯದಲ್ಲಿ ಹೇಳಿದ್ದು ಆ ಎಕ್ಸ್‌ರೇ ಒಂದೇ ಇರಬೇಕು. ನಾನು ಆ ವಾರ್ಡಿನ ಇನ್‌ಚಾರ್ಜ್ ಆಗಿದ್ದೆ. ನನ್ನನ್ನು ನೋಡಿದ, ಗುರುತು ಹಿಡಿದ. ಹಾಸಿಗೆಯ ಮುಂದಿನ ಊಟದ ಮೇಜನ್ನು ಬರಿ ಅಂಗೈಯಿಂದ ತನ್ನ ಕಡೆಗೆ ಬಳಿದು ಕೇಳಿದ, ಇಲ್ಲಿ ಎಷ್ಟು ಕೊಡುತ್ತಾರೆ ಎಂದು. ನಾಚಿಕೆಯೆಂಬುದು ಕೊನೆಗೂ ಅವನ ಮನೆಯ ದಾರಿ ಹಿಡಿಯಲಿಲ್ಲ. ನಾಂದೇಡದ ಹುಡುಗಿಯೊಬ್ಬಳು ಕೈಗೆ ಸೂಜಿ ಹಾಕಲು ಬಂದರೆ ಅವಳಿಗೂ ಊರು ಕೇಳಿದ. ಸುಮ್ಮನೆ ಕೈ ಚಾಚ್ರಿ ಎಂದೆ. ಚಾಚಿದ. ಹುಡುಗಿ ಒಂದೇ ಏಟಿಗೆ ನರ ಹಿಡಿದಳು.

ಒಂದು ಮಧ್ಯಾಹ್ನ, ಊಟದ ತಟ್ಟೆಗಳನ್ನು ಎತ್ತುವ ಹೊತ್ತಿನಲ್ಲಿ, ಅವನಿಗೆ ಏದುಸಿರು ಹತ್ತಿತು. ಆಕ್ಸಿಜನ್ ಏರಿಸಿ, ಡಾಕ್ಟರಿಗೆ ಹೇಳಿ ಕಳಿಸಿದೆ. ಅವನ ಕಣ್ಣು ಸೂರಿನ ಕಡೆಗಿತ್ತು. ಮಾಸ್ಕಿನ ಒಳಗಿಂದ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಪೋಡಿಗೆ ಆಪುಂಡು."

ಅವನನ್ನು ನಾನು ಕ್ಷಮಿಸಿರಲಿಲ್ಲ, ಈಗಲೂ ಕ್ಷಮಿಸಿಲ್ಲ. ಆದರೆ ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ಆ ಇಡೀ ವಾರ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಕಲಿಸಿದವನು ಅವನೇ. ಕೈ ಹಿಡಿದುಕೊಂಡೆ.

"ಪೋಡ್ಯೊಡ್ಚಿ, ಯಾನ್ ಉಲ್ಲೆ."

ಅವನು ಕಣ್ಣು ಹೊರಳಿಸಿ ನನ್ನ ಕಡೆ ನೋಡಿದ. ಆಮೇಲೆ ಮಾಸ್ಕ್ ಸರಿಸಿ, ಒಂದೊಂದೇ ಮಾತಾಗಿ ಹೇಳಿದ.

"ಈಗ ಕೇಳಿ ಸಿಸ್ಟ್ರೆ, ಮಂಗಳೂರು ರೇಟು. ಕೊಡ್ತಾರೆ."

ಮಾಸ್ಕನ್ನು ಸರಿಮಾಡಿ ಮತ್ತೆ ಮೂಗಿಗೆ ಇಟ್ಟೆ. ಕೈ ಬಿಡಲಿಲ್ಲ, ಅವನೂ ಬಿಡಲಿಲ್ಲ. ಮರುದಿನ ಬೆಳಿಗ್ಗೆ ಹೋದ. ಅವನ ಮೈ ಒರೆಸಿ, ಬಟ್ಟೆ ಹೊದಿಸಿ, ಹಾಸಿಗೆಯ ಮುಂದಿನ ಮೇಜನ್ನು ನಾನೇ ಒರೆಸಿದೆ, ಆಚೆಯ ಅಂಚಿನಿಂದ ನನ್ನ ಕಡೆಗೆ.