ಗಾಡಿಯಕ್ಕ ಕುರ್ಚಿ ಎಳೆದುಕೊಂಡಳು

ಗಾಡಿಯಕ್ಕ ನಮ್ಮ ಸಂಸ್ಥೆಯ ಬಾಗಿಲಿಗೆ ಬಂದದ್ದು ಒಂದು ಮಧ್ಯಾಹ್ನ. ಕಂಕುಳಲ್ಲಿ ಎರಡು ವರ್ಷದ ಮಗಳು, ಕಾಲಲ್ಲಿ ಜೋಡಿಯಲ್ಲದ ಚಪ್ಪಲಿಗಳು. ಒಂದು ಅವಳದು, ಇನ್ನೊಂದು ಅವಸರದಲ್ಲಿ ಕಾಲಿಗೆ ಸಿಕ್ಕ ಗಂಡನದು. ನಾನು ಆಗಷ್ಟೇ ಅಲ್ಲಿನ ಆಫೀಸಿಗೆ ಸೇರಿದ್ದೆ. ಪತ್ರ ಟೈಪ್ ಮಾಡುವುದು, ಫೋನ್ ಎತ್ತುವುದು, ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸ. ಏನಾಯಿತು ಎಂದು ಕೇಳಿದೆ.

"ಮೊದಲು ಮಗೂಗೆ ಏನಾದ್ರೂ ತಿನ್ನೋಕೆ ಕೊಡಿ. ನಂದು ಹಳೇ ಕತೆ, ಇನ್ನು ಹಳಸೋದು ಏನೂ ಉಳಿದಿಲ್ಲ," ಎಂದಳು.

ಮನೆಯಲ್ಲಿ ಏಟು ತಿಂದು ಹೊರಬಿದ್ದ ಹೆಂಗಸರಿಗೆ ಆಸರೆ ಕೊಡುವ ಸಂಸ್ಥೆ ನಮ್ಮದು. ಹಳೆಯ ಎರಡಂತಸ್ತಿನ ಮನೆ. ಕೆಳಗೆ ಆಫೀಸು, ಅಡುಗೆಮನೆ; ಮೇಲೆ ಆರು ಕೋಣೆ, ಹನ್ನೆರಡು ಮಂಚ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದೊಡ್ಡಕ್ಕ ತಮ್ಮ ತಂದೆಯ ಮನೆಯನ್ನೇ ಬಿಟ್ಟುಕೊಟ್ಟು ಇದನ್ನು ಕಟ್ಟಿದವರು. ಅವರು ಇಲ್ಲದಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿರಲಿಲ್ಲ. ಹಾಗೆಯೇ ಅವರನ್ನು ಕೇಳದೆ ಅಲ್ಲಿ ಒಂದು ಕಿಟಕಿಯ ಪರದೆಯೂ ಬದಲಾಗುತ್ತಿರಲಿಲ್ಲ.

ಆಗ ನಮ್ಮ ವ್ಯಾನ್ ಓಡಿಸುತ್ತಿದ್ದವನು ಒಬ್ಬ ಗಂಡಸು. ಬಂಗಾರದಂಥ ಮನುಷ್ಯ. ಆದರೆ ಗಂಡನಿಂದ ತಪ್ಪಿಸಿಕೊಂಡು ರಸ್ತೆಬದಿ ನಿಂತವಳು ವ್ಯಾನಿನ ಬಾಗಿಲು ತೆರೆದಾಗ ಸ್ಟೇರಿಂಗ್ ಮೇಲೆ ಗಂಡಸಿನ ಕೈ ಕಂಡರೆ ಹಿಂದಕ್ಕೆ ಸರಿಯುತ್ತಿದ್ದಳು. "ನನ್ನ ಮುಖ ನೋಡಿದ್ರೆ ಎಲ್ರೂ ಅಳ್ತಾರೆ. ಮನೆಗೆ ಹೋಗಿ ಕನ್ನಡಿ ನೋಡ್ಕೊಳ್ಳೋ ಹಾಗಾಗಿದೆ," ಎಂದು ಆತ ಒಂದು ದಿನ ಅಡುಗೆಮನೆಯಲ್ಲಿ ಟೀ ಕುಡಿಯುತ್ತ ಹೇಳಿಕೊಂಡ. ಮಗಳೊಂದಿಗೆ ಆಸರೆಯಲ್ಲಿದ್ದು, ಅಲ್ಲೇ ಪಾತ್ರೆ ತೊಳೆಯುತ್ತಿದ್ದ ಇವಳು ಕೈ ಒರೆಸಿಕೊಂಡು ನೇರ ದೊಡ್ಡಕ್ಕನ ಕೋಣೆಗೆ ಹೋದಳು.

"ಗಾಡಿ ನಾನು ಓಡಿಸ್ತೀನಿ."

"ಲೈಸೆನ್ಸ್ ಇದೆಯಾ?"

"ಕೈ ಇದೆ. ಲೈಸೆನ್ಸ್ ಮಾಡಿಸ್ಕೊಡಿ."

ಅವಳಪ್ಪ ಮೆಕ್ಯಾನಿಕ್. ಬೇರೆ ಹುಡುಗಿಯರು ಕುಂಟೆಬಿಲ್ಲೆ ಆಡುವ ವಯಸ್ಸಿನಲ್ಲಿ ಇವಳು ಅಪ್ಪನ ಶೆಡ್ಡಿನಲ್ಲಿ ನಟ್ಟು ಬೋಲ್ಟು ವಿಂಗಡಿಸುತ್ತಿದ್ದಳಂತೆ. ಮೂರು ತಿಂಗಳಲ್ಲಿ ಲೈಸೆನ್ಸ್ ಬಂತು. ಡ್ರೈವರ್ ಕೀಲಿ ಅವಳ ಕೈಗಿಟ್ಟು, ಸಮಾಧಾನದ ಉಸಿರು ಬಿಟ್ಟು, ಶಾಲಾ ಬಸ್ಸಿನ ಕೆಲಸಕ್ಕೆ ಹೋದ. ಅಂದಿನಿಂದ ಅವಳು ಗಾಡಿಯಕ್ಕ.

ಹೀಗೆ ಗಾಡಿ ಓಡಿಸುತ್ತ ಹದಿನಾಲ್ಕು ವರ್ಷ ಕಳೆದವು. ಹತ್ತಿದವರನ್ನು ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಸೀಟಿನ ಪಕ್ಕ ಒಂದು ಬಾಟಲಿ ನೀರು, ಒಗೆದ ಟವೆಲ್ಲು, ಬೇರೆ ಬೇರೆ ಅಳತೆಯ ಮೂರು ಜೊತೆ ಚಪ್ಪಲಿ ಇಟ್ಟಿರುತ್ತಿದ್ದಳು, ಅಷ್ಟೇ. ನಾವೆಲ್ಲ ಅವಳನ್ನು ಮೆಚ್ಚುತ್ತಿದ್ದೆವು. ಆದರೂ ಸೋಮವಾರದ ಸಮಿತಿ ಸಭೆ ನಡೆಯುವಾಗ ಅವಳು ಬಾಗಿಲ ಹತ್ತಿರ ನಿಂತು ಟೀ ಕುಡಿಯುವವಳೇ ಹೊರತು ಮೇಜಿಗೆ ಕೂರುವವಳಲ್ಲ. ಅಲ್ಲಿ ಕೂರುತ್ತಿದ್ದವರು ದೊಡ್ಡಕ್ಕ, ಒಬ್ಬ ವಕೀಲೆ, ಒಬ್ಬ ಡಾಕ್ಟರಮ್ಮ, ಇನ್ನಿಬ್ಬರು ಹಿರಿಯರು. ಇದರಲ್ಲಿ ತಪ್ಪೇನಾದರೂ ಇದೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಮೇಲಿನ ಕೋಣೆಯ ನರ್ಸ್ ಹುಡುಗಿ ಹಿತ್ತಲ ಗೋಡೆ ಹಾರಿ ಹೋಗಿದ್ದಳು. ಅವಳೂ ಆಸರೆ ಕೇಳಿ ಬಂದವಳು; ಬಂದು ಇಪ್ಪತ್ತು ದಿನವಾಗಿತ್ತು. ಗಾಡಿಯಕ್ಕ ಊರೆಲ್ಲ ಸುತ್ತಿ, ಕೊನೆಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಅವಳನ್ನು ಕಂಡಳು. ಹಾರಿದ ರಭಸಕ್ಕೆ ಪಾದ ಊದಿಕೊಂಡಿತ್ತು. ಪಕ್ಕದಲ್ಲಿ ಕೂತಳು. ಹುಡುಗಿ ತಾನಾಗಿಯೇ ಹೇಳಿದಳು. ತಾಯಿಗೆ ಆಪರೇಷನ್ ಆಗಿದೆ, ಅವಳ ದನಿ ಕೇಳಬೇಕು. ಆದರೆ ನಮ್ಮಲ್ಲಿ ಮೊದಲ ಎರಡು ತಿಂಗಳು ಫೋನನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ನಿಯಮ.

"ಮನೇಲಿ ಅವನು ಫೋನ್ ಕಿತ್ಕೊಂಡ. ಇಲ್ಲಿ ನೀವು ಕಿತ್ಕೊಂಡ್ರಿ. ನನಗೇನಕ್ಕಾ ವ್ಯತ್ಯಾಸ?"

ಗಾಡಿಯಕ್ಕ ತನ್ನ ಫೋನ್ ಕೊಟ್ಟಳು. ಹುಡುಗಿ ತಾಯಿಯ ಜೊತೆ ಮಾತಾಡಿದ ಮೇಲೆ ಪಾದಕ್ಕೆ ಪಟ್ಟಿ ಹಾಕಿಸಿ, ವಾಪಸ್ಸು ಕರೆತಂದಳು.

ಅದರ ಮರುದಿನ ಸೋಮವಾರ. ಟೀ ಲೋಟ ಹಿಡಿದು ಒಳಗೆ ಬಂದ ಗಾಡಿಯಕ್ಕ ಬಾಗಿಲಲ್ಲಿ ನಿಲ್ಲಲಿಲ್ಲ. ಗೋಡೆಗೆ ಆನಿಸಿದ್ದ ಕುರ್ಚಿಯನ್ನು ಎಳೆದುಕೊಂಡು ಮೇಜಿಗೆ ಕೂತಳು. ಹುಡುಗಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿ, "ನಿಯಮ ಯಾರ ಮೇಲೆ ಬೀಳುತ್ತೋ ಅವರು ಇಲ್ಲಿ ಕೂತಿರಬೇಕು," ಎಂದಳು.

ಫೋನಿನ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಒಬ್ಬ ಗಂಡ ಫೋನಿನ ಜಾಡು ಹಿಡಿದು ಕಬ್ಬಿಣದ ಸಲಾಕೆ ಸಮೇತ ಗೇಟಿಗೆ ಬಂದಿದ್ದ. ಅದನ್ನು ನೆನಪಿಸಿದ ಡಾಕ್ಟರಮ್ಮ, "ಆಸ್ಪತ್ರೆ ಹೇಗೆ ನಡೀಬೇಕು ಅಂತ ರೋಗಿಗಳು ಹೇಳ್ತಾರೇನಮ್ಮ?" ಎಂದರು.

"ಎಲ್ಲಿ ನೋವು ಅಂತ ನೀವು ಅವರನ್ನೇ ಕೇಳ್ತೀರಲ್ವಾ ಮೇಡಂ?"

ವಕೀಲೆ ನಕ್ಕುಬಿಟ್ಟರು. ದೊಡ್ಡಕ್ಕ ನಗಲಿಲ್ಲ. "ಅಂದ್ರೆ ಇಷ್ಟು ವರ್ಷ ನಾನು ಮಾಡಿದ್ದು ದಬ್ಬಾಳಿಕೆಯಾ?"

ಗಾಡಿಯಕ್ಕ ತಲೆ ತಗ್ಗಿಸಿದಳು. ಮಾತನ್ನು ಮಾತ್ರ ತಗ್ಗಿಸಲಿಲ್ಲ. "ನೀವು ನಮಗೆ ತಾಯಿ ಆದ್ರಿ ದೊಡ್ಡಕ್ಕ. ಕಷ್ಟ ಇರೋದೇ ಅಲ್ಲಿ. ತಾಯಿಗೆ ಎದುರು ಹೇಳೋಕೆ ಯಾರಿಗೂ ಬಾಯಿ ಬರಲ್ಲ."

ಸಭೆ ಅಲ್ಲಿಗೇ ಮುಗಿಯಿತು. ದೊಡ್ಡಕ್ಕ ಒಂದು ವಾರ ಆಫೀಸಿಗೆ ಬರಲಿಲ್ಲ. ಗಾಡಿಯಕ್ಕನ ಕೆಲಸ ಹೋಗುತ್ತದೆ ಎಂದೇ ನಾವು ಗುಸುಗುಸು ಮಾತಾಡಿಕೊಂಡೆವು. ಎಂಟನೆಯ ದಿನ ದೊಡ್ಡಕ್ಕ ಕಣ್ಣಿನ ಪರೀಕ್ಷೆಗೆ ಹೋಗಲು ಗಾಡಿ ಕಳಿಸುವಂತೆ ಫೋನ್ ಮಾಡಿದರು. ದಾರಿಯಲ್ಲಿ ಆದ ಮಾತನ್ನು ಆಮೇಲೆ ಅವರೇ ನನಗೆ ಹೇಳಿದರು.

"ಅಧಿಕಾರ ಎಲ್ಲರ ಕೈಗೂ ಕೊಟ್ಟು, ಅವರು ತಪ್ಪು ತೀರ್ಮಾನ ಮಾಡಿದ್ರೆ?" ಎಂದು ಇವರು ಕೇಳಿದ್ದಾರೆ.

"ತಪ್ಪಾಗುತ್ತೆ. ಒಬ್ಬರೇ ತೀರ್ಮಾನ ಮಾಡ್ದಾಗ್ಲೂ ಆಗಿದೆಯಲ್ಲ."

"ನಿನಗೆ ಹೆದರಿಕೆ ಅನ್ನೋದೇ ಇಲ್ವಾ?"

"ಇದೆ. ಅದಕ್ಕೇ ನಿಮ್ಮ ಕಡೆ ನೋಡ್ದೆ ರಸ್ತೆ ನೋಡ್ತಾ ಹೇಳ್ತಿದೀನಿ."

ಅದಕ್ಕೆ ದೊಡ್ಡಕ್ಕನಿಗೆ ನಗು ಬಂತಂತೆ.

ಎರಡು ತಿಂಗಳ ನಂತರ, ಅವರ ಒಪ್ಪಿಗೆಯ ಮೇಲೆ, ವಕೀಲೆ ಹೊಸ ನಿಯಮಾವಳಿ ಬರೆದರು. ಸಮಿತಿಯಲ್ಲಿ ಒಂಬತ್ತು ಜನ: ಆಸರೆಯಲ್ಲಿ ಇರುವವರು ಅಥವಾ ಇದ್ದು ಹೋದವರು ಮೂವರು, ಕೆಲಸದವರು ಮೂವರು, ಹೊರಗಿನವರು ಮೂವರು. ಅಧ್ಯಕ್ಷತೆ ಆರು ತಿಂಗಳಿಗೊಮ್ಮೆ ಕೈ ಬದಲಾಗಬೇಕು. ದೊಡ್ಡಕ್ಕ, ವಕೀಲೆ, ಡಾಕ್ಟರಮ್ಮ ಹೊರಗಿನವರ ಸಾಲಿನಲ್ಲಿ ಕೂತರು. ಹಿರಿಯರಿಬ್ಬರು ತಾವಾಗಿಯೇ ಸಂತೋಷದಿಂದ ಬಿಡುವು ಪಡೆದರು.

ಎಲ್ಲ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಬಟ್ಟೆ ಒಣಹಾಕುವ ಹಗ್ಗ ಎಲ್ಲಿ ಕಟ್ಟಬೇಕೆಂದು ಎರಡು ಸಭೆ ನಡೆದವು. ಮೊದಲ ನಡಾವಳಿಯಲ್ಲಿ ನಾನು ಅಭ್ಯಾಸಬಲದಿಂದ "ವಕೀಲರು ಹೇಳಿದರು, ಡ್ರೈವರ್ ಹೇಳಿದಳು" ಎಂದು ಬರೆದಿದ್ದೆ. ದೊಡ್ಡಕ್ಕ ಕನ್ನಡಕ ಏರಿಸಿ ಓದಿ, ಕೆಂಪು ಶಾಯಿಯಲ್ಲಿ ತಿದ್ದಿದರು. "ಈ ಮೇಜಿಗೆ ಕೂತವರೆಲ್ಲ 'ಹೇಳಿದರು' ಕಣಮ್ಮ." ಇಲ್ಲಿ ಗಾಡಿಯಕ್ಕನನ್ನು ನಾನು ಏಕವಚನದಲ್ಲಿ ಬರೆಯುತ್ತಿರುವುದು ಸಲಿಗೆಯಿಂದ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಫೋನಿನ ವಿಷಯ ಮತಕ್ಕೆ ಬಂದಾಗ, ಜಾಡು ಸಿಗದಂತೆ ಮಾಡುವುದನ್ನು ಕಲಿಸಿ ಫೋನ್ ಅವರವರ ಬಳಿಯೇ ಬಿಡಬೇಕು ಎಂದು ಏಳು ಕೈ ಎದ್ದವು. ಬೇಡ ಎಂದವರು ದೊಡ್ಡಕ್ಕ ಮತ್ತು ಡಾಕ್ಟರಮ್ಮ. ದೊಡ್ಡಕ್ಕ ಸೋತದ್ದನ್ನು ಬರೆಯಲು ನನ್ನ ಪೆನ್ನು ತಡವರಿಸಿತು. "ಬರಿ. ಕಾಗುಣಿತ ತಪ್ಪದ ಹಾಗೆ ಬರಿ," ಎಂದರು ಅವರು.

ಮೂರನೆಯ ಸರದಿಯ ಅಧ್ಯಕ್ಷತೆ ಗಾಡಿಯಕ್ಕನಿಗೆ ಬಂತು. ಅವಳ ನಿಜವಾದ ಪರೀಕ್ಷೆ ಆದದ್ದು ಆಗ.

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಿಂದ ಒಂದು ಫೋನ್ ಬಂತು. ಅಣ್ಣನ ಕೈಲಿ ಪೆಟ್ಟು ತಿಂದು ಮಲಗಿರುವ ಒಬ್ಬಳಿಗೆ ಜಾಗ ಬೇಕಿತ್ತು. ನಾನು ಬರೆದುಕೊಂಡ ವಿಳಾಸವನ್ನು ಗಾಡಿಯಕ್ಕ ನೋಡಿದಳು, ಇನ್ನೊಮ್ಮೆ ನೋಡಿದಳು. "ಇದು ನಾನು ಬಿಟ್ಟು ಬಂದ ಮನೆ. ಇವಳು ನನ್ನ ನಾದಿನಿ," ಎಂದಳು. ಗಾಡಿಯಕ್ಕನಿಗೆ ಗಂಡ, ಅಂದರೆ ಇದೇ ಅಣ್ಣ, ಕೊನೆಯ ಸಲ ಹೊಡೆದ ದಿನ, ಓಡಿಹೋಗದಂತೆ ಹೊರಗಿನಿಂದ ಚಿಲಕ ಹಾಕಿ ನಿಂತವಳು ಈ ನಾದಿನಿಯೇ.

ಕೆಲಸದವರ ಸಂಬಂಧಿಕರು ಆಸರೆ ಕೇಳಿದರೆ ಸಮಿತಿ ತೀರ್ಮಾನಿಸಬೇಕೆಂಬುದು ನಿಯಮ. ಮರುದಿನ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಸೇರಿದರು. ಗಾಡಿಯಕ್ಕ ಏನನ್ನೂ ಮುಚ್ಚಿಡಲಿಲ್ಲ. "ಅವಳನ್ನ ಬೀದಿಗೆ ಬಿಡಿ ಅನ್ನಲ್ಲ. ಪಕ್ಕದ ಊರಿನ ಆಸರೆಗೆ ಕಳಿಸೋಣ. ನನ್ನ ಮಗಳು ಇಲ್ಲಿ ಓಡಾಡ್ತಾಳೆ. ದಿನಾ ಆ ಮುಖ ನೋಡೋಕೆ ನನ್ನಿಂದ ಆಗಲ್ಲ."

ಗೋಡೆ ಹಾರಿದ್ದ ಆ ನರ್ಸ್ ಹುಡುಗಿ ಈಗ ಇದ್ದು ಹೋದವರ ಪರವಾಗಿ ಸಮಿತಿಯಲ್ಲಿದ್ದಳು. ಅವಳೇ ಮೊದಲು ಬಾಯಿ ತೆರೆದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಪಕ್ಕದೂರಲ್ಲಿ ಮಂಚ ಖಾಲಿಯಾಗೋಕೆ ಇನ್ನೂ ಮೂರು ವಾರ ಬೇಕಂತೆ. ಆಸ್ಪತ್ರೆಯವರು ಇವತ್ತೇ ಮನೆಗೆ ಕಳಿಸ್ತಾರೆ. ಮನೆ ಅಂದ್ರೆ ಅದೇ ಮನೆ. ಬಾಗಿಲಲ್ಲಿ ನಿಂತವರ ಹಳೇ ತಪ್ಪು ಕೇಳೋ ನಿಯಮ ನಮ್ಮಲ್ಲಿಲ್ಲ."

ಕೈ ಎತ್ತಿಸಿದ್ದು ಅಧ್ಯಕ್ಷೆಯಾಗಿ ಗಾಡಿಯಕ್ಕನೇ. ಕರೆತರಬೇಕು ಎಂದು ಎಂಟು ಕೈ ಎದ್ದವು. ಅವುಗಳಲ್ಲಿ ದೊಡ್ಡಕ್ಕನದೂ ಒಂದು. ಗಾಡಿಯಕ್ಕ ಎಂಟನ್ನೂ ಬೆರಳಲ್ಲಿ ತೋರಿಸಿ ಎಣಿಸಿದಳು. ನನ್ನ ಕಡೆ ತಿರುಗಿ, "ಅಧ್ಯಕ್ಷರು ವಿರೋಧಿಸಿದರು ಅಂತಾನೂ ಬರಿ," ಎಂದಳು. ಆಟೋ ಕಳಿಸಿ ಕರೆಸೋಣ ಎಂದು ಯಾರೋ ಮೆಲ್ಲಗೆ ಹೇಳಿದರು.

"ಗಾಡಿ ಓಡಿಸೋದು ನನ್ನ ಕೆಲಸ. ಅದರ ಮೇಲೆ ನೀವು ಮತ ಹಾಕಿಲ್ಲ," ಎಂದು ಕೀಲಿ ತೆಗೆದುಕೊಂಡಳು.

ಜೊತೆಗೆ ನಾನು ಹೋದೆ. ನಾದಿನಿ ಕುಂಟುತ್ತ ಬಂದು ಹಿಂದಿನ ಸೀಟಿನಲ್ಲಿ ಕೂತಳು. ಒಂದು ಕಣ್ಣು ಮುಚ್ಚಿಹೋಗಿತ್ತು. ಗಾಡಿ ಎರಡು ವೃತ್ತ ದಾಟಿದ ಮೇಲೆ ಕನ್ನಡಿಯಲ್ಲಿ ಗಾಡಿಯಕ್ಕನ ಮುಖ ಅವಳಿಗೆ ಕಂಡಿರಬೇಕು.

"ಅತ್ತಿಗೆ..."

"ಬೆಲ್ಟ್ ಹಾಕ್ಕೋ."

ಬೆಲ್ಟ್ ಹಾಕಿಕೊಂಡ ಮೇಲೆ ಹಿಂದಿನಿಂದ ಮತ್ತೆ ದನಿ ಬಂತು. "ಆವತ್ತು ಚಿಲಕ ಹಾಕಿದ್ದು ನಾನು."

"ಗೊತ್ತು."

"ಹಾಕದೇ ಇದ್ದಿದ್ರೆ ನನಗೂ ಬೀಳ್ತಿತ್ತು."

"ಅದೂ ಗೊತ್ತು."

ಗಾಡಿಯಕ್ಕ ಗಾಡಿಯನ್ನು ಪಕ್ಕಕ್ಕೆ ಹಾಕಿ, ನೀರಿನ ಬಾಟಲಿಯನ್ನು ತಿರುಗಿ ನೋಡದೆ ಹಿಂದಕ್ಕೆ ಚಾಚಿದಳು. ಇಳಿದು ಹೋಗಿ ಹಿಂಬದಿಯ ಗಾಜನ್ನು ಬಟ್ಟೆಯಿಂದ ಒರೆಸತೊಡಗಿದಳು. ಗಾಜು ಸ್ವಚ್ಛವಾಗಿಯೇ ಇತ್ತು. ಅವಳು ಒರೆಸುತ್ತಲೇ ಇದ್ದಳು. ಆಮೇಲೆ ಬಂದು ಕೂತು ಗೇರ್ ಹಾಕಿದಳು. ಆಸರೆ ಮುಟ್ಟಿದಾಗ ವಾರ್ಡನ್‌ಗೆ ಹೇಳಿದ್ದು ಒಂದೇ ಮಾತು: "ಇವಳಿಗೆ ಕೆಳಗಡೆಯೇ ಮಂಚ ಹಾಕ್ಕೊಡಿ. ಮೊಣಕಾಲು ಊದಿದೆ, ಮೆಟ್ಟಿಲು ಹತ್ತೋಕಾಗಲ್ಲ."

ಆ ಅಣ್ಣ ಎರಡು ಸಲ ಗೇಟಿಗೆ ಬಂದ. ಎರಡನೆಯ ಸಲ ವಕೀಲೆ ಕರೆಸಿದ ಪೊಲೀಸರೂ ಅಲ್ಲಿದ್ದರು, ಆಮೇಲೆ ಅವನು ಬರಲಿಲ್ಲ. ಪಕ್ಕದೂರಲ್ಲಿ ಮಂಚ ಖಾಲಿಯಾದಾಗ ಕಳಿಸೋಣವೇ ಎಂದು ಸಮಿತಿ ಕೇಳಿತು. ಗಾಡಿಯಕ್ಕ, "ಇಲ್ಲಿ ಅವಳ ಕೇಸು ನಡೀತಿದೆ, ಇರ್ಲಿ ಬಿಡಿ," ಎಂದಳು. ನಾದಿನಿ ಹನ್ನೊಂದು ತಿಂಗಳು ನಮ್ಮಲ್ಲಿದ್ದು, ಈಗ ಒಂದು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಮಾಡುತ್ತಾಳೆ. ಗಾಡಿಯಕ್ಕನ ಮಗಳು ಆಗೊಮ್ಮೆ ಈಗೊಮ್ಮೆ ಸೋದರತ್ತೆಯನ್ನು ನೋಡಿ ಬರುತ್ತಾಳೆ. ಅವಳಿಗೆ ತಾಯಿ ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

"ಕ್ಷಮಿಸಿದ್ಯಾ ಅಕ್ಕಾ?" ಎಂದು ನಾನೊಮ್ಮೆ ಕೇಳಿದೆ.

"ಆ ವಿಷಯಕ್ಕೆ ಇನ್ನೂ ಸಭೆ ಕರೆದಿಲ್ಲ," ಎಂದಳು.

ಆರು ತಿಂಗಳು ತುಂಬಿದ ದಿನ ಅಧ್ಯಕ್ಷತೆಯನ್ನು ಅಡುಗೆಯವಳಿಗೆ ವಹಿಸಿಕೊಟ್ಟಳು. ಅವಳೇ ಮುಂದುವರಿಯಲಿ ಎಂದು ಕೆಲವರು ಒತ್ತಾಯ ಮಾಡಿದರು. ಒಪ್ಪಲಿಲ್ಲ. ದೊಡ್ಡಕ್ಕ ಈಗಲೂ ಪ್ರತಿ ಸೋಮವಾರ ಬರುತ್ತಾರೆ, ಮಾತಾಡುವ ಮೊದಲು ಎಲ್ಲರಂತೆ ಕೈ ಎತ್ತುತ್ತಾರೆ. ಅಸಲು ಪಾಠ ಕಲಿತದ್ದು ಪಾಠ ಹೇಳುವುದನ್ನು ಬಿಟ್ಟ ಮೇಲೆ ಎನ್ನುತ್ತಾರೆ.

ಕಳೆದ ವರ್ಷ ಹಳೆಯ ವ್ಯಾನ್ ಕೈಕೊಟ್ಟಿತು. ದೊಡ್ಡ ಗಾಡಿ ಬೇಕೆಂದು ಗಾಡಿಯಕ್ಕ ವಾದಿಸಿದಳು. ಸಣ್ಣ ಗಲ್ಲಿಗಳಲ್ಲಿ ನುಗ್ಗುವಂಥದ್ದೇ ಇರಲಿ ಎಂದು ಐದು ಕೈ ಎದ್ದವು. ಬಂದ ಸಣ್ಣ ಗಾಡಿಗೆ ಅವಳು 'ಬಹುಮತ' ಎಂದು ಹೆಸರಿಟ್ಟಿದ್ದಾಳೆ. ನಿನ್ನೆ ಸೋಮವಾರ, ಬೆಳಿಗ್ಗೆ ಕಿಟಕಿಯ ಹೊರಗಿನಿಂದ ಕೂಗಿದಳು: "ಬಹುಮತ ಸ್ಟಾರ್ಟ್ ಆಗ್ತಿಲ್ಲ ಕಣೇ. ಪರವಾಗಿ ಕೈ ಎತ್ತಿದೋರೆಲ್ಲ ಬಂದು ತಳ್ಳಿ."

ಕೈ ಎತ್ತಿದ್ದವರಲ್ಲಿ ಆ ಹೊತ್ತಿಗೆ ಅಲ್ಲಿದ್ದವರು ಅಡುಗೆಯವಳು, ವಾರ್ಡನ್, ಎಪ್ಪತ್ತೊಂದರ ದೊಡ್ಡಕ್ಕ. ಮೂವರೂ ಹೋಗಿ ತಳ್ಳಿದರು.