ತಂಗಿಯ ಕಾಲಿಗೆ ಸೀಸ ಕಟ್ಟುವ ಅಣ್ಣ

“ಬಿಚ್ಚು ಅಂದೆ.”

“ಬಿಚ್ಚಲ್ಲ.”

“ಕಾಲು ನಂದು, ಟೂರ್‌ಫಿನ್.”

“ಹಗ್ಗ ನಂದು. ಇದನ್ನ ಕಟ್ಕೊಳ್ದೆ ಇಳಿಯೋದಾದ್ರೆ ಹಗ್ಗಾನ ನೀನೇ ಹಲ್ಲಲ್ಲಿ ಕಚ್ಕೊಂಡು ಇಳಿ.”

ಫ್ರೊಯಾ ದ್ವೀಪದ ಪಡುವಣ ದಕ್ಕೆಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಕ್ಟೋಬರ್ ತಿಂಗಳ ಚಳಿ. ದೋಣಿಯ ಅಂಚಿನಲ್ಲಿ ನೀರು ಒಳಗಿಳಿಯದ ಕಪ್ಪು ಡ್ರೈಸೂಟ್ ತೊಟ್ಟು ಕೂತ ಗುನ್‌ವೋರ್ ಬಲಗಾಲನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ. ಎದುರಿಗೆ ಮಂಡಿಯೂರಿದ ಅಣ್ಣ ಟೂರ್‌ಫಿನ್ ಅದನ್ನು ಹಿಡಿದು ಮುಂದಕ್ಕೆಳೆಯುತ್ತಾರೆ. ಅವರ ಕೈಯಲ್ಲಿ ಸೀಸದ ತುಂಡುಗಳನ್ನು ತುಂಬಿ ಹೊಲಿದ ದಪ್ಪ ಬಟ್ಟೆಯ ಪಟ್ಟಿ. ಪಾದದ ಗಂಟಿನ ಮೇಲೆ ಸುತ್ತಿ, ಕೊಂಡಿ ಹಾಕಿ, ಜಗ್ಗಿ ನೋಡುತ್ತಾರೆ. ಐವತ್ತು ದಾಟಿದ ತಂಗಿ ಕಾಲು ಕೊಟ್ಟು ಕೂತು ಬೈಯುತ್ತಾರೆ.

“ಮುದುಕಾ, ನಿನ್ನ ತಲೇಲೂ ಇದೇ ಸೀಸ ತುಂಬಿದೆ.”

“ತಲೇಲಿ ಸೀಸ ಇದ್ದವರು ತಲೆಕೆಳಗಾಗ್ತಾರೆ, ಪುಟ್ಟಿ. ನೋಡು, ನಾನು ನೆಟ್ಟಗೇ ಇದ್ದೀನಿ.”

ಗುನ್‌ವೋರ್ ಹಿಮ್ಮುಖವಾಗಿ ನೀರಿಗೆ ಬೀಳುತ್ತಾರೆ. ಟೂರ್‌ಫಿನ್ ತುಟಿಯಡಿಗೆ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟುಕೊಂಡು ಹಗ್ಗ ಬಿಡುತ್ತಾ ಕೂರುತ್ತಾರೆ. ಇಲ್ಲಿಂದ ಮುಂದೆ ಅವರೊಂದಿಗೆ ಮಾತಾಡಿ ಪ್ರಯೋಜನವಿಲ್ಲ. ಏನು ಕೇಳಿದರೂ “ಹ್ಞೂಂ” ಅನ್ನುತ್ತಾರೆ. ಕಣ್ಣು ನೀರಿನ ಗುಳ್ಳೆಗಳ ಮೇಲೆ, ಮನಸ್ಸು ಅಂಗೈಯಲ್ಲಿ.

ಬೀಸಣಿಗೆ ಆಕಾರದ ದೊಡ್ಡ ಚಿಪ್ಪಿಗಳನ್ನು ಸಮುದ್ರದ ತಳದಿಂದ ಕೈಯಲ್ಲೇ ಆರಿಸಿ ತರುವುದು ಈ ದ್ವೀಪದ ಹಳೆಯ ಕಸುಬುಗಳಲ್ಲೊಂದು. ಊರಾಚೆಯ ದೊಡ್ಡ ಹೋಟೆಲುಗಳಲ್ಲಿ ಬೆಣ್ಣೆಯಲ್ಲಿ ಬಾಡಿಸಿದ ಚಿಪ್ಪಿ ತಟ್ಟೆಗೆ ಬಂದ ಕೂಡಲೇ ಜನ ಫೋಟೊ ತೆಗೆಯುತ್ತಾರೆ. ಸ್ವಲ್ಪ ತಿಳಿದವರು ಮುಳುಗಿ ಆರಿಸಿದವರು ಯಾರೆಂದು ಕೇಳುತ್ತಾರೆ. ಮೇಲೆ ಕೂತು ಹಗ್ಗ ಹಿಡಿದವನು ಯಾರೆಂದು ಇಂದಿನವರೆಗೆ ಒಬ್ಬನೂ ಕೇಳಿಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೆ ಇದು ಸಿಟ್ಟು ಬರಿಸುವ ಸಂಗತಿ. ಟೂರ್‌ಫಿನ್‌ಗೆ ಬರಿಸುವುದಿಲ್ಲ. “ಕೇಳಿದ್ರೆ ಏನು ಹೇಳ್ಲಿ? ಕೂತಿದ್ದೆ ಅಂತ ಹೇಳ್ಬೇಕು,” ಅನ್ನುತ್ತಾರೆ.

ಟೂರ್‌ಫಿನ್ ಈಜು ಕಲಿತವರಲ್ಲ. ಯೌವನದಲ್ಲಿ ಕಾಡ್ ಎಂಬ ಮೀನು ಹಿಡಿಯುವ ದೋಣಿಗಳಲ್ಲಿ ದುಡಿದರು. ತಂಗಿ ಮುಳುಗುವ ಕಸುಬು ಹಿಡಿದಾಗ ಅಪ್ಪ, “ಹಗ್ಗ ಹಿಡಿಯೋಕೆ ಬೇರೆಯವರು ಬೇಡ” ಎಂದು ಇವರನ್ನು ದೋಣಿಗೆ ಹತ್ತಿಸಿದರು. ಅಂದಿನಿಂದ ಬಿರುಗಾಳಿಯಿಲ್ಲದ ಪ್ರತಿ ಬೆಳಿಗ್ಗೆ ಇದೇ ಕೆಲಸ. ಹಗ್ಗ ಒಂದು ಸಲ ಅಲುಗಿದರೆ “ಸರಿಯಾಗಿದ್ದೇನೆ” ಎಂದರ್ಥ. ನಾಲ್ಕು ಸಲ ಅಲುಗಿದರೆ “ಎತ್ತು”. ಉಳಿದಂತೆ ಅಲೆಯ ಜಗ್ಗಾಟ ಯಾವುದು, ತಂಗಿಯ ಕೈ ಯಾವುದು ಎಂದು ಅಂಗೈಗೇ ಗೊತ್ತಾಗಬೇಕು. ಕೈಗವಸು ಹಾಕಿದರೆ ಗೊತ್ತಾಗದೆಂದು ಮಂಜು ಸುರಿಯುವ ದಿನವೂ ಬರಿಗೈ. ಬೆರಳ ತುದಿಗಳು ಒಡೆದು ಒಡೆದು ಮರದ ತೊಗಟೆಯಂತಾಗಿವೆ.

ಸೀಸದ ಜಗಳಕ್ಕೆ ಒಂದು ಹಿನ್ನೆಲೆ ಇದೆ. ಡ್ರೈಸೂಟಿನೊಳಗೆ ಗಾಳಿ ಇರುತ್ತದೆ. ಚಿಪ್ಪಿ ಆರಿಸಲು ತಲೆ ತಗ್ಗಿಸಿದಾಗ ಆ ಗಾಳಿ ಕಾಲಿನ ಕಡೆಗೆ ಓಡುತ್ತದೆ. ಕಾಲು ಬಲೂನಿನಂತೆ ಉಬ್ಬಿದರೆ ಮನುಷ್ಯ ತಲೆಕೆಳಗಾಗಿ ಮೇಲಕ್ಕೆ ಹಾರುತ್ತಾನೆ. ಗಾಳಿ ಬಿಡುವ ಗುಂಡಿ ತೋಳಿನಲ್ಲಿದೆ, ಆಗ ಅದು ಕೆಳಗಾಗಿರುವುದರಿಂದ ಕೆಲಸಕ್ಕೆ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಗುನ್‌ವೋರ್‌ಗೆ ಇದೇ ಆಯಿತು.

“ನೀರಿನ ಮೇಲೆ ಮೊದಲು ಕಂಡದ್ದು ಎರಡು ಕಾಲು,” ಎಂದು ಟೂರ್‌ಫಿನ್ ನೆನೆಯುತ್ತಾರೆ. “ತಲೆ ಎಲ್ಲಿ ಅಂತ ಹುಡುಕಿದೆ. ಆ ಕಾಲು ಒದ್ದಾಡ್ತಾ ಇರಲಿಲ್ಲ.”

ಆಳದಿಂದ ರಭಸವಾಗಿ ಮೇಲೆ ಬಂದು ರಕ್ತದಲ್ಲಿ ಗಾಳಿಗುಳ್ಳೆಗಳೆದ್ದ ಗುನ್‌ವೋರ್ ನಗರದ ಆಸ್ಪತ್ರೆಯ ಒತ್ತಡದ ಕೋಣೆಯಲ್ಲಿ ಮಲಗಬೇಕಾಯಿತು. ಬದುಕಿದರು. ಅವರು ಮನೆಗೆ ಬರುವಷ್ಟರಲ್ಲಿ ಅಣ್ಣ ಹಳೆಯ ಬಲೆಯ ಸೀಸವನ್ನೆಲ್ಲ ಕರಗಿಸಿ, ಕಾಲು ಮೇಲೇಳದಂತೆ ತಾವೇ ಪಟ್ಟಿ ಹೊಲಿದಿಟ್ಟಿದ್ದರು. ಅಂದಿನಿಂದ ಆ ಕೊಂಡಿಯನ್ನು ಅವರೇ ಹಾಕಬೇಕು. ತಂಗಿ ಹಾಕಿಕೊಂಡರೆ ನಂಬುವುದಿಲ್ಲ.

ಈಗ ಗುನ್‌ವೋರ್‌ರ ಬಲಮಂಡಿ ಸವೆದಿದೆ. ಕಾಲು ಬಡಿದಾಗಲೆಲ್ಲ ಸೀಸದ ಭಾರವನ್ನೂ ಎತ್ತಬೇಕು. ಭಾರಕ್ಕೆ ಕಾಲು ಜೋತು ಬಿದ್ದು ತಳದ ಕೆಸರನ್ನು ಎಬ್ಬಿಸುತ್ತದೆ, ಆಮೇಲೆ ಚಿಪ್ಪಿಯೂ ಕಾಣದು, ತಮ್ಮ ಕೈಯೂ ಕಾಣದು. ಹೀಗೇ ಮುಂದುವರಿದರೆ ಮುಂದಿನ ಬೇಸಗೆಗೆ ನೀರಿಗಿಳಿಯುವುದನ್ನು ಮರೆತುಬಿಡಿ ಎಂದು ವೈದ್ಯರು ಹೇಳಿದ್ದಾರೆ. “ನನಗೆ ಬೇರೆ ಕೆಲಸ ಬರಲ್ಲ,” ಎಂದು ಗುನ್‌ವೋರ್ ನೇರವಾಗಿ ಹೇಳುತ್ತಾರೆ. “ಮಂಡಿ ಹೋದ್ರೆ ನಾನೂ ಹೋದೆ ಅಂತಲೇ ಲೆಕ್ಕ.”

ಕಳೆದ ಚಳಿಗಾಲದಲ್ಲಿ ಅವರು ನಗರದ ಈಜುಕೊಳಕ್ಕೆ ಹೋಗಿ ಒಂದು ವಿದ್ಯೆ ಕಲಿತು ಬಂದಿದ್ದಾರೆ. ತಲೆಕೆಳಗಾದರೆ ಮಂಡಿಗಳನ್ನು ಎದೆಗೆ ಮಡಚಿ ಉರುಳಬೇಕು. ಆಗ ಗಾಳಿ ಭುಜಕ್ಕೆ ಬರುತ್ತದೆ, ಹೊರಗೆ ಬಿಡಬಹುದು. ಸೀಸ ಬೇಕಿಲ್ಲ.

“ಈಜುಕೊಳದಲ್ಲಿ ನೀರು ಬೆಚ್ಚಗಿರುತ್ತೆ, ತಳಕ್ಕೆ ಬಿಳಿ ಹೆಂಚು ಹಾಕಿರ್ತಾರೆ,” ಎಂಬುದು ಟೂರ್‌ಫಿನ್ ತೀರ್ಪು. “ಅಲ್ಲಿ ನನ್ನಜ್ಜಿನೂ ಉರುಳ್ತಾಳೆ.”

ಈ ವಾದ ಇವರಿಬ್ಬರದೇ ಅಲ್ಲ. ದ್ವೀಪದ ಮುಳುಗುಗಾರರಲ್ಲಿ ಅರ್ಧ ಜನ ಸೀಸ ಕಟ್ಟುತ್ತಾರೆ, ಇನ್ನರ್ಧ ಜನ ಅವರನ್ನು ನೋಡಿ ನಗುತ್ತಾರೆ. ಕೇಳಹೋದರೆ ಕಾಫಿ ಆರುವವರೆಗೂ ಬಿಡುವುದಿಲ್ಲ. ನನಗನ್ನಿಸಿದ್ದನ್ನು ಹೇಳಿಬಿಡುತ್ತೇನೆ: ಉರುಳಲು ಬಾರದವರು ಕಟ್ಟಿಕೊಳ್ಳಲಿ, ಬರುವವರ ಕಾಲಿಗೆ ಅದು ಬರಿ ದಂಡ.

ಕೊನೆಗೆ ಅಣ್ಣತಂಗಿ ಒಂದು ಒಪ್ಪಂದಕ್ಕೆ ಬಂದರು. ದಕ್ಕೆಯ ಬಾಯಲ್ಲಿ, ಆಳ ಕಡಿಮೆಯಿರುವಲ್ಲಿ, ಗುನ್‌ವೋರ್ ಸೀಸವಿಲ್ಲದೆ ಇಳಿದು ಬೇಕೆಂದೇ ತಲೆಕೆಳಗಾಗಬೇಕು. ನಾಲ್ಕು ಸಲ ಹಗ್ಗ ಅಲುಗಿದರೆ ಮಾತ್ರ ಟೂರ್‌ಫಿನ್ ಎಳೆಯಬೇಕು. ಕೈಗೆ ಕೈ ಕೊಟ್ಟು ಒಪ್ಪಿದರು.

ಪರೀಕ್ಷೆಯ ಬೆಳಿಗ್ಗೆ ನೀರು ಎಣ್ಣೆಯಂತೆ ನಿಂತಿದೆ. ಗುನ್‌ವೋರ್ ಇಳಿಯುತ್ತಾರೆ. ಗುಳ್ಳೆಗಳು ಒಂದೇ ಕಡೆ ಏಳುತ್ತವೆ, ಆಮೇಲೆ ಚದುರುತ್ತವೆ. ತಿಳಿನೀರಿನಲ್ಲಿ ಮೇಲ್ಮುಖವಾದ ಎರಡು ಕಾಲು ಮಸುಕಾಗಿ ಕಾಣುತ್ತವೆ. ಅಷ್ಟೇ. ಟೂರ್‌ಫಿನ್ ಎದ್ದು ನಿಂತು, ಎರಡೂ ಕೈಯಿಂದ, ಬಾವಿಯಿಂದ ಮಗುವನ್ನು ಎತ್ತುವವರ ಹಾಗೆ ಎಳೆಯತೊಡಗುತ್ತಾರೆ.

ಗುನ್‌ವೋರ್ ನೀರಿನಿಂದ ಚಿಮ್ಮಿ ಬಂದು ಬಾಯಿಯ ಕೊಳವೆ ಕಿತ್ತೆಸೆಯುತ್ತಾರೆ. “ನಾನು ನಾಲ್ಕು ಸಲ ಅಲುಗಿಸಿದ್ನಾ?”

“ಇಲ್ಲ.”

“ಒಂದು?”

“ಒಂದು ಅಲುಗಿಸ್ದೆ.”

“ಒಂದು ಅಂದ್ರೇನು?”

“ಸರಿಯಾಗಿದ್ದೀನಿ ಅಂತ.”

“ಉರುಳಿ ಆಗಿತ್ತು ಕಣೋ. ಗಾಳಿ ಬಿಡ್ತಾ ಇದ್ದೆ. ಆಳದಲ್ಲಿ ನೀನು ಹೀಗೆ ಎಳೆದಿದ್ರೆ ನಾನು ಮತ್ತೆ ಆ ಕೋಣೆ ಸೇರ್ತಿದ್ದೆ. ಈ ಸಲ ನಿನ್ನ ಕೈಯಿಂದ.”

ಟೂರ್‌ಫಿನ್ ತಮ್ಮ ಅಂಗೈ ನೋಡಿಕೊಳ್ಳುತ್ತಾರೆ. ಆಮೇಲೆ, “ಇನ್ನೊಂದು ಸಲ ಇಳಿ,” ಎನ್ನುತ್ತಾರೆ.

ಅವರು ಹಗ್ಗವನ್ನು ದೋಣಿಯ ಗೂಟಕ್ಕೆ ಸುತ್ತಿ, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂರುತ್ತಾರೆ. ನೀರಿನಲ್ಲಿ ಕಾಲು ಮೇಲಾಗುತ್ತದೆ, ದೇಹ ಮುದುಡಿ ಉರುಳುತ್ತದೆ, ಗುಳ್ಳೆಗಳ ದೊಡ್ಡ ಗೊಂಚಲು ಮೇಲೇಳುತ್ತದೆ. ಗುನ್‌ವೋರ್ ನಿಧಾನವಾಗಿ, ತಲೆ ಮೊದಲಾಗಿ ಬರುತ್ತಾರೆ. ನಗುತ್ತಿದ್ದಾರೆ.

“ನೋಡಿದೆ,” ಎನ್ನುತ್ತಾರೆ ಟೂರ್‌ಫಿನ್. “ನೀನು ಹೇಳಿದ್ದೇ ಸರಿ. ಸೀಸ ಬೇಡ.”

“ಹಾಗಾದ್ರೆ ಸೋಮವಾರ ಆಳಕ್ಕೆ ಹೋಗೋಣ.”

“ನೀನು ಹೋಗು. ಉಡ್‌ಗೇರ್‌ನ ಕರಿ.” ಉಡ್‌ಗೇರ್ ಪಕ್ಕದ ಮನೆಯವರು, ಸಾಲ್ಮನ್ ಮೀನಿನ ಸಾಕಣೆಯಲ್ಲಿ ಮುಳುಗುವವರಿಗೆ ಹಗ್ಗ ಹಿಡಿದು ಪಳಗಿದವರು.

“ಯಾಕೆ? ಈಗ ಎಳೀಲಿಲ್ವಲ್ಲ ನೀನು.”

“ಎಳೀಲಿಲ್ಲ, ಯಾಕಂದ್ರೆ ಹಿಡೀಲಿಲ್ಲ. ಗೂಟಕ್ಕೆ ನಾಲ್ಕು ಯಾವುದು, ಒಂದು ಯಾವುದು ಗೊತ್ತಾಗಲ್ಲ. ನಾನು ಹಿಡಿದ್ರೆ ಎಳೀತೀನಿ.”

“ಅಭ್ಯಾಸ ಆಗುತ್ತೆ. ಹುಚ್ಚನ ಹಾಗಾಡಬೇಡ.”

“ಆಗಲ್ಲ, ಪುಟ್ಟಿ. ನೀನು ಉಡ್‌ಗೇರ್‌ಗೆ ತಂಗಿ ಅಲ್ಲ. ಅದಕ್ಕೇ ಅವನು ಸರಿ.”

ಟೂರ್‌ಫಿನ್ ಗೂಟದಿಂದ ಹಗ್ಗ ಬಿಚ್ಚಿ, ನೀರು ಹಿಂಡಿ, ಸಿಕ್ಕಾಗದಂತೆ ಸುತ್ತಿ ತಂಗಿಯ ಪಕ್ಕದಲ್ಲಿಡುತ್ತಾರೆ. ದಕ್ಕೆಗೆ ಕಾಲಿಟ್ಟು ನನ್ನ ಕಡೆ ತಿರುಗುತ್ತಾರೆ.

“ಇಷ್ಟು ವರ್ಷದಲ್ಲಿ ಒಂದು ದಿನವೂ ಹಗ್ಗ ಕೈ ಬಿಟ್ಟಿರಲಿಲ್ಲ. ಬರೆಯೋದಿದ್ರೆ ಅದನ್ನ ಬರಿ.”

ಮೀನಿಗೆ ಹಾಕುವ ಮಂಜುಗಡ್ಡೆ ಇಡುವ ಶೆಡ್ಡಿನ ಪಕ್ಕದ ಏರು ಹತ್ತಿ ಹೋಗುತ್ತಾರೆ. ಗುನ್‌ವೋರ್ ಹೆಸರು ಹಿಡಿದು ಎರಡು ಸಲ ಕರೆದರೂ ನಿಲ್ಲುವುದಿಲ್ಲ. ಸೋಮವಾರ ಮುಂಜಾನೆ ದೋಣಿಯಲ್ಲಿ ಹಗ್ಗ ಹಿಡಿದು ಕೂತವರು ಉಡ್‌ಗೇರ್. ಟೂರ್‌ಫಿನ್ ಆಮೇಲೆ ದಕ್ಕೆಯ ಕಡೆ ಬಂದಿಲ್ಲ.