ಮಾರಬೇಕಿದ್ದ ಕಾರಿಗೆ ಪಾಲಿಶ್

ಇವತ್ತು ಬೆಳಿಗ್ಗೆ ಬಟ್ಟೆ ಒಣಹಾಕುವಾಗ ನೋಡುತ್ತೇನೆ, ನನ್ನ ಒಳ್ಳೆಯ ಕಾಟನ್ ಸೀರೆಗೆಲ್ಲ ಕಾರಿನ ಪಾಲಿಶ್ ವಾಸನೆ ಹತ್ತಿಕೊಂಡಿದೆ. ಮೇಣಕ್ಕೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದಂಥ ವಾಸನೆ. ಪಾಲಿಶ್ ಮಾಡುವ ಪಂಚೆಯ ತುಂಡುಗಳನ್ನು ಮನೆಬಟ್ಟೆಯ ಜೊತೆ ಮೆಶಿನಿಗೆ ಹಾಕಬಾರದೆಂದು ಎಲ್ಲರ ತಲೆ ತಿನ್ನುವವಳು ನಾನು; ಇವತ್ತು ಹಾಕಿದವಳೂ ನಾನೇ. ಬೈಯಲು ಯಾರೂ ಸಿಗದೆ ಅಲ್ಲೇ ನಿಂತು ಮೂಸಿದೆ. ನೀವು ಹೇಗೂ ಸಿಕ್ಕಿದ್ದೀರಿ, ನಮ್ಮ ಮಾವನ ಕಾರಿನ ವಿಷಯ ಹೇಳಿಯೇ ಬಿಡುತ್ತೇನೆ.

ಮಾವ ಎಂದರೆ ನನ್ನ ಗಂಡನ ತಂದೆ. ಉಡುಪಿ ಕಡೆಯವರು. ಠಾಣೆ ಶಹರದ ನೌಪಾಡಾದಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ, ಕೊನೆಗೆ ಅಲ್ಲೇ ಸ್ವಂತದ ಒಂದು ಸಣ್ಣ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. ಈಗ ಗಲ್ಲಾ ನನ್ನ ಗಂಡನದು. ಅವರು ಠಾಕುರ್ಲಿಯ ನಮ್ಮ ಮನೆಯಿಂದ ಬೆಳಗಿನ ಜಾವದ ಲೋಕಲ್ ಹಿಡಿದು ಹೋಗುತ್ತಾರೆ, ಸ್ಟಿಯರಿಂಗ್ ಮುಟ್ಟಿದವರಲ್ಲ. ಕಡುನೀಲಿ ಕಾರು ಮಾವನೊಬ್ಬರದೇ. ಯಾವ ಮದುವೆಗೆ ಹೋದರೂ ಹಿಂದಿರುಗುವಾಗ ಕಲ್ಯಾಣದ ಅತ್ತೆ, ಡೊಂಬಿವಲಿಯ ದೊಡ್ಡಮ್ಮ ಎಂದು ಸಿಕ್ಕಿದವರನ್ನೆಲ್ಲ ತುಂಬಿಸಿಕೊಂಡು, ಅವರವರ ಬಾಗಿಲಿಗೆ ಇಳಿಸಿಯೇ ಬರಬೇಕು. ಹಿಂದಿನ ಸೀಟಿನಲ್ಲಿ ಯಾರದೋ ಮೊಣಕೈ ತಿವಿಸಿಕೊಳ್ಳುತ್ತಾ ನಾನು ಗೊಣಗಿದ್ದೆಷ್ಟೋ.

ಕೆಲವು ವರ್ಷಗಳ ಹಿಂದೆ ಒಂದು ದಿನ ಮಾವ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ಕಂಬಕ್ಕೆ ಕಾರು ಉಜ್ಜಿದರು. ಕಂಬ ಕಾಣಲೇ ಇಲ್ಲ ಎಂದರು. ಕಣ್ಣಿನ ಡಾಕ್ಟರು ನೋಡಿ ಹೇಳಿದ್ದಿಷ್ಟು: ನೇರ ಎದುರಿನದು ಚೆನ್ನಾಗಿ ಕಾಣುತ್ತದೆ, ಆದರೆ ಪಕ್ಕದ ದೃಷ್ಟಿ ಹೋಗುತ್ತಾ ಬಂದಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧಿಯ ಹನಿ ಹಾಕಿ ಕಾಪಾಡಿಕೊಳ್ಳಬೇಕು. ಇನ್ನು ಡ್ರೈವಿಂಗ್ ಬೇಡ.

ಆಮೇಲೆ ಬರಬರುತ್ತಾ ಮಾವ ಕೆಳಗೆ ಹೋಗುವುದನ್ನೇ ಬಿಟ್ಟರು. ಸಂಜೆ ಕಟ್ಟೆಯ ಮೇಲೆ ಕೂತರೆ ಪಕ್ಕದಲ್ಲಿ ಬಂದು ನಿಂತವರು ತಿಳಿಯುತ್ತಿರಲಿಲ್ಲ. ಯಾರಾದರೂ ಹೆಗಲು ಮುಟ್ಟಿದರೆ ಬೆಚ್ಚಿಬೀಳುವರು. ನಕ್ಕವರನ್ನು ನೋಡಿ ತಿರುಗಿ ನಗಲಿಲ್ಲವೆಂದು ಮಾವನಿಗೆ ಜಂಬ ಬಂದಿದೆ ಎಂಬ ಮಾತೂ ಹುಟ್ಟಿತು. ಅಷ್ಟು ಜನರನ್ನು ಹೊತ್ತು ತಿರುಗಿದ ಮನುಷ್ಯ ಸೋಫಾದ ಮೂಲೆ ಹಿಡಿದು ಗೋಡೆ ನೋಡುತ್ತಾ ಕೂತರೆ ನನಗೆ ನೋಡಲಾಗುತ್ತಿರಲಿಲ್ಲ. ನನಗೋ ಸಂಕಟವಾದರೆ ಬಾಯಿ ಜೋರಾಗುತ್ತದೆ. ಸುಮ್ಮನೆ ಧೂಳು ತಿನ್ನುವ ಕಾರು ಯಾಕೆ, ಮಾರಿಬಿಡೋಣ ಎಂದೆ. ಕಣ್ಣೆದುರು ಅದಿಲ್ಲದಿದ್ದರೆ ಮರೆಯುತ್ತಾರೆ ಎಂಬುದು ನನ್ನ ಬುದ್ಧಿವಂತಿಕೆ.

ಮಾವ ಜಗಳವಾಡಲಿಲ್ಲ. "ಮಾರುವ. ಆದ್ರೆ ಹೀಗೇ ಕೊಡ್ಲಿಕ್ಕಾಗುದಿಲ್ಲ. ಸ್ವಲ್ಪ ಪಾಲಿಶ್ ಮಾಡ್ಲಿಕ್ಕುಂಟು" ಎಂದರು.

ಆ ಸ್ವಲ್ಪ ಮುಗಿಯಲೇ ಇಲ್ಲ ನೋಡಿ. ಕಟ್ಟಡದ ಕೆಳಗೆ ಕಾರು ನಿಲ್ಲಿಸುವ ಸ್ಟಿಲ್ಟಿನ ನೆರಳಿನಲ್ಲಿ ಮೊದಲು ಶಾಂಪೂ ಹಾಕಿ ತೊಳೆಯುವುದು. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ಟಿನ ಮೇಲೆ ಬೆರಳಾಡಿಸುವುದು; ಬರಿಗೈಗೆ ತಿಳಿಯದ ಮರಳಿನ ಕಣ ಆಗ ತಿಳಿಯುತ್ತದಂತೆ. ಅಂಗೈಯಗಲ ಜಾಗಕ್ಕೆ ಪಾಲಿಶ್ ಹಚ್ಚಿ, ಅದು ಒಣಗಿ ಮಂಜಿನಂತೆ ಬೆಳ್ಳಗಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಮತ್ತೆ ಪಕ್ಕದ ಅಂಗೈಯಗಲ. ಬಟ್ಟೆ ನೆಲಕ್ಕೆ ಬಿದ್ದರೆ ಅದನ್ನು ಮತ್ತೆ ಮುಟ್ಟುವಂತಿಲ್ಲ. ಗುಡಿಯಲ್ಲೂ ಇಷ್ಟು ಮಡಿ ನಾನು ಕಂಡಿಲ್ಲ. ನಾಲ್ಕೂ ಬಾಗಿಲು ಮುಗಿಯಿತು ಎನ್ನುವಷ್ಟರಲ್ಲಿ ಎದುರು ಕಟ್ಟುತ್ತಿದ್ದ ಟವರಿನ ಸಿಮೆಂಟು ಧೂಳು ಬಂದು ಕೂರುವುದು, ಮಾವ ಖುಷಿಯಿಂದ ಬಕೆಟ್ ಎತ್ತಿಕೊಳ್ಳುವುದು. ಕಾಲಹರಣ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿತ್ತು, ಅಥವಾ ಹಾಗಂದುಕೊಂಡಿದ್ದೆ.

ಕೊನೆಗೆ ನಾನೇ ಮಗಳ ಕೈಯಲ್ಲಿ ಫೋನಿನಲ್ಲಿ ಜಾಹೀರಾತು ಹಾಕಿಸಿದೆ. "ಮಮ್ಮಿ, ಯೇ ತೋ ನಯೀ ಲಗ್ ರಹೀ ಹೈ" ಎಂದು, ಹೊಸ ಕಾರಿನ ಹಾಗೇ ಇದೆಯಲ್ಲ ಎಂದು, ಅವಳು ಫೋಟೋ ನೋಡಿ ನಕ್ಕಳು. ಕಲ್ಯಾಣದಲ್ಲಿ ನೆಲೆಸಿದ ವಿಜಯಪುರದ ಕಡೆಯ ಒಬ್ಬ ಗುತ್ತಿಗೆದಾರರು ಕಾರು ನೋಡಲು ಬಂದರು. ಕಾರಿನ ಸುತ್ತ ಸುತ್ತಿದರು, ಬಗ್ಗಿದರು, ಬೆರಳಿನಿಂದ ಬಾಗಿಲು ತಟ್ಟಿ ಕಿವಿಗೊಟ್ಟರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಕಾಕಾರ, ಸಿಟ್ಟ ಆಗಬ್ಯಾಡ್ರಿ. ಹಳೇ ಗಾಡಿ ಹಿಂಗ್ಯಾಕ ಹೊಳಿಯಾಕತ್ತೈತ್ರಿ? ಎಲ್ಲೆರೆ ಜೋರ್ ಬಡದು ಪೂರಾ ಬಣ್ಣಾ ಹೊಡಿಸೀರೇನು?"

"ಒಂದು ಬೊಟ್ಟು ಬಣ್ಣ ಇಲ್ಲ. ಬರೇ ಕೈ" ಎಂದು ಮಾವ ಎರಡೂ ಅಂಗೈ ಬಿಚ್ಚಿ ತೋರಿಸಿದರು. ಗುತ್ತಿಗೆದಾರರು ನಂಬಲಿಲ್ಲ. ವಿಚಾರ ಮಾಡಿ ಫೋನ್ ಮಾಡುತ್ತೇನೆಂದು ಹೊರಟರು. ಮಾವ ಅವಮಾನವಾದವರಂತೆ ಮುಖ ಮಾಡಿಕೊಂಡರೂ ಒಳಗೊಳಗೇ ಉಬ್ಬಿಹೋಗಿದ್ದರು.

ನನಗೆ ಕೋಪ ನೆತ್ತಿಗೇರಿತ್ತು. ಇವತ್ತು ಎರಡರಲ್ಲೊಂದು ಆಗಲಿ ಎಂದು ಸಂಜೆ ಚಾ ಹಿಡಿದು ಕೆಳಗಿಳಿದೆ. ಮಾವ ಕಾರಿನ ಬಾಗಿಲಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕಕ್ಕೆ ಹೋಗಿ ನಿಂತೆ. ಅವರು ಬೆಚ್ಚಿ ಚಾ ಚೆಲ್ಲಬಾರದಲ್ಲ, ಹೇಗೆ ಕರೆಯಲಿ ಎಂದುಕೊಳ್ಳುತ್ತಿರುವಾಗಲೇ ಅವರು ತಿರುಗದೆ ಹೇಳಿದರು: "ಬಿಸಿ ಉಂಟಾ? ಅಲ್ಲಿ ಇಡು."

"ನಾನು ಬಂದದ್ದು ಹೇಗೆ ಗೊತ್ತಾಯ್ತು ಮಾವ?"

"ಬಾಗಿಲಲ್ಲಿ ಕಂಡ್ಯಲ್ಲ" ಎಂದು ಬೆರಳು ಮಾಡಿದರು. ನೋಡಿದೆ. ಕಡುನೀಲಿ ಹೊಳಪಿನೊಳಗೆ ಸ್ಟೂಲು, ಮಾವ, ಅವರ ಪಕ್ಕದಲ್ಲಿ ಲೋಟ ಹಿಡಿದ ನಾನು, ನಮ್ಮ ಹಿಂದೆ ಗೇಟಿನಿಂದ ಬರುತ್ತಿದ್ದ ವಾಚ್‌ಮನ್, ಎಲ್ಲ ಕಾಣುತ್ತಿತ್ತು. "ಇಲ್ಲಿ ಕೂತ್ರೆ ಎರಡೂ ಬದಿಯವ್ರು ಎದುರಿಗೇ ಕಾಣ್ತಾರೆ. ಬಂದವ್ರನ್ನ ಮಾತಾಡಿಸ್ಲಿಕ್ಕಾಗ್ತದೆ. ಉಜ್ಜದಿದ್ರೆ ಮಬ್ಬಾಗ್ತದೆ ಮಾರಾಯ್ತಿ, ಅದಕ್ಕೆ."

ಕಣ್ಣು ತುಂಬಿತು, ಅದೂ ಬಾಗಿಲಲ್ಲಿ ಕಾಣಬಾರದೆಂದು ಬಕೆಟ್ ಎತ್ತಿಡುವ ನೆಪದಲ್ಲಿ ಬಗ್ಗಿದೆ.

ಮರುದಿನ ಗುತ್ತಿಗೆದಾರರ ಫೋನು ಬಂತು, ತೆಗೆದುಕೊಳ್ಳುತ್ತೇನೆಂದು. ಮಾರುವುದಿಲ್ಲ ಎಂದೆ. "ನಾ ಆಗಳೇ ಅಂದಿದ್ದೆಲ್ರಿ ಅಕ್ಕಾರ, ಗಾಡ್ಯಾಗ ಏನೋ ಐತಿ ಅಂತ" ಎಂದರು. ಹೌದು, ಇದೆ ಎಂದು ಒಪ್ಪಿಕೊಂಡೆ.

ಕಾರು ಉಳಿದ ಮೇಲೆ ಓಡಿಸುವವರು ಬೇಕಲ್ಲ. ಬೈಯುತ್ತಾ, ಬೈಸಿಕೊಳ್ಳುತ್ತಾ ಕಲಿತೆ. ಈಗ ಅತ್ತೆ ದೊಡ್ಡಮ್ಮಂದಿರನ್ನು ಅವರವರ ಬಾಗಿಲಿಗೆ ಇಳಿಸುವವಳು ನಾನು. ಮಾವ ಎಡಗಡೆ ಕೂತು ಎಲ್ಲರಿಗೂ ಟಾಟಾ ಮಾಡುತ್ತಾರೆ. ಅವರ ಕೈ ನಡುಗುವುದರಿಂದ ಪಾಲಿಶ್ ಕೆಲಸವೂ ನನ್ನದಾಗಿದೆ. ಇದು ಬೇಸರದ ಮಾತಲ್ಲ. ನಿಜ ಹೇಳುತ್ತೇನೆ, ವಾರದಲ್ಲಿ ನನ್ನ ಬಾಯಿ ಮುಚ್ಚಿರುವ ಹೊತ್ತು ಅದೊಂದೇ, ಅದರಲ್ಲಿ ನನಗೆ ಸುಖವಿದೆ.

ಬಟ್ಟೆ ಒಣಹಾಕಿ ಕೆಳಗಿಳಿದವಳು ಇವತ್ತು ಕಾರಿನ ಬಾಗಿಲನ್ನು ಎಂದಿಗಿಂತ ಹೆಚ್ಚು ಹೊತ್ತು ಉಜ್ಜಿದೆ. ಮಾವನ ದೃಷ್ಟಿ ಇನ್ನಷ್ಟು ಕಿರಿದಾಗಿದೆ ಎಂದು ಡಾಕ್ಟರು ಹೋದ ಸಲ ಹೇಳಿದ್ದರು. ಒರೆಸಿ ಮುಗಿಸಿ, ಸದ್ದು ಮಾಡದೆ, ಬಾಗಿಲಿಗೆ ಎದುರಾಗಿ ಹಾಕಿದ್ದ ಅವರ ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತುಕೊಂಡೆ. ಮಾವ ಬಾಗಿಲು ನೋಡುತ್ತಿದ್ದರು. ಅದರಲ್ಲಿ ನಾನು ಅವರಿಗೆ ಇನ್ನೂ ಕಾಣುತ್ತೇನೆಯೇ ಎಂದು ಕಾದೆ.

"ಹಣೆಗೆ ಪಾಲಿಶ್ ತಾಗಿದೆ" ಎಂದರು ಮಾವ. "ಒರ್ಸಿಕೊ."